ಮಿಸ್ ಆರ್ಡೆಲಾ ಹೋಗದ ತರಗತಿ

ಆರ್ಡೆಲಾ ಪೆಟಸ್ ಪ್ರಿನ್ಸಿಪಾಲ್ ಆಗಿದ್ದ ಶಾಲೆಯಲ್ಲಿ ಅವಳು ಕಾಲಿಡದ ಕೋಣೆ ಒಂದೇ ಒಂದಿತ್ತು. ಕೆಳಗಿನ ಕಾರಿಡಾರಿನ ತುದಿಯಲ್ಲಿ, ಊಟದ ಹಾಲಿನ ಪಕ್ಕದಲ್ಲಿದ್ದ ಎರಡನೆಯ ತರಗತಿ. ಬಾಗಿಲವರೆಗೂ ಹೋಗುತ್ತಿದ್ದಳು. ಒಳಗಿನ ಸದ್ದಿಗೆ ಕಿವಿಗೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ ಬೆನ್ನ ಹಿಂದೆ ಯಾರೋ ಹೆಸರು ಹಿಡಿದು ಕರೆದಂತೆ ತಟ್ಟನೆ ತಿರುಗಿ ಬಂದುಬಿಡುತ್ತಿದ್ದಳು.

ಅವಳು ಬೆಳೆದದ್ದು ಮೆಂಫಿಸ್ ನಗರದ ದಕ್ಷಿಣ ಭಾಗದಲ್ಲಿ, ಅಪ್ಪನ ಕ್ಷೌರದ ಅಂಗಡಿಯ ಮೇಲಿನ ಮನೆಯಲ್ಲಿ. ಅಪ್ಪನಿಗೆ ಓದು ಅಷ್ಟಕ್ಕಷ್ಟೆ. ಅದಕ್ಕೇ ಶನಿವಾರಗಳಂದು ಇಬ್ಬರು ಹೆಣ್ಣುಮಕ್ಕಳನ್ನೂ ಕೆಳಗೆ ಕರೆದು, ಸರದಿಗಾಗಿ ಕಾದು ಕೂತ ಗಿರಾಕಿಗಳಿಗೆ ಪತ್ರಿಕೆ ಓದಿಸುತ್ತಿದ್ದ. ಆರ್ಡೆಲಾಳದು ಗಟ್ಟಿ ಗಂಟಲು, ಬೀದಿಗೆಲ್ಲ ಕೇಳುವಂಥದ್ದು. ತಂಗಿ ವರ್ನೀಸ್ ಓದುವುದಕ್ಕಿಂತ ಕೇಳುವುದರಲ್ಲಿ ಗಟ್ಟಿಗಿತ್ತಿ. ಮುದುಕರು ತಮ್ಮ ಮೊಣಕಾಲು ನೋವು, ಸೊಸೆಯಂದಿರ ದೂರು ಎಲ್ಲವನ್ನೂ ಆ ಹುಡುಗಿಯ ಮುಂದೆ ಬಿಚ್ಚುತ್ತಿದ್ದರು. "ಇವಳು ಕೇಳ್ತಾ ಕೂತ್ರೆ ಮೂಗನೂ ಬಾಯಿಬಿಡ್ತಾನೆ," ಎಂದು ಅಪ್ಪ ನಗುತ್ತಿದ್ದ.

ಇಬ್ಬರೂ ಟೀಚರ್ ಆದರು. ಅಕ್ಕ ಮೇಲೇರಿ ಪ್ರಿನ್ಸಿಪಾಲ್ ಆದಳು. ತಂಗಿ ಎರಡನೆಯ ತರಗತಿ ಬಿಟ್ಟು ಕದಲಲಿಲ್ಲ. ಕೊನೆಗೆ ಇಬ್ಬರಿಗೂ ಒಂದೇ ಶಾಲೆ ಸಿಕ್ಕಿತು. ಅಕ್ಕ ಮೇಲಿನವಳೆಂಬ ಭಯವೇ ವರ್ನೀಸ್‌ಗೆ ಇರಲಿಲ್ಲ. ಎಲ್ಲರೆದುರಿಗೇ ಅವಳನ್ನು "ಗಂಟಲು" ಎಂದು ಕರೆಯುತ್ತಿದ್ದಳು.

ಆ ಹೊತ್ತಿಗೆ ನಗರದ ಶಾಲೆಗಳಲ್ಲಿ ಹೊಸ ಪದ್ಧತಿ ಶುರುವಾಗಿತ್ತು. ಪ್ರಿನ್ಸಿಪಾಲ್ ಎಂದರೆ ಬಸ್ಸು, ಬಾಯ್ಲರು, ಹುಡುಗರ ಜಗಳ ನೋಡಿಕೊಳ್ಳುವವರಷ್ಟೇ ಅಲ್ಲ. ಕಲಿಸುವವರಿಗೆ ಕಲಿಸುವವರು, ದಿನದ ಅರ್ಧ ಹೊತ್ತನ್ನು ತರಗತಿಗಳಲ್ಲೇ ಕಳೆಯಬೇಕಾದವರು. ಟೀಚರನ್ನಲ್ಲ, ಮಕ್ಕಳನ್ನು ನೋಡಬೇಕು. ಮಗುವಿನ ಪಕ್ಕ ಕೂತು, ಏನು ಮಾಡುತ್ತಿದ್ದೀಯ, ಯಾಕೆ ಮಾಡುತ್ತಿದ್ದೀಯ ಎಂದು ಕೇಳಬೇಕು. ಪಾಠ ಮುಗಿದ ಮೇಲೆ ಟೀಚರ ಜೊತೆ ಕೂತು ಅದನ್ನು ಹಂಚಿಕೊಳ್ಳಬೇಕು. ಹಲವು ಪ್ರಿನ್ಸಿಪಾಲರು ಗೊಣಗಿದರು. ಆರ್ಡೆಲಾಗೆ ಮಾತ್ರ ಅದು ಮೀನಿಗೆ ನೀರು ಸಿಕ್ಕ ಹಾಗೆ. ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು ಅವಳು ಕಂಡ ಸಂಗತಿಗಳು ಎಷ್ಟೋ ಟೀಚರುಗಳ ಕೈ ಹಿಡಿದು ದಾಟಿಸಿದವು.

ವರ್ನೀಸ್ ತೀರಿಕೊಂಡದ್ದು ಅದೇ ಕೊನೆಯ ಕೋಣೆಯಲ್ಲಿ, ಫೆಬ್ರವರಿಯ ಒಂದು ಬೆಳಗ್ಗೆ. ಮಕ್ಕಳು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುವ ಹೊತ್ತು ಅದು. ಓದು ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವಳ ಅಭ್ಯಾಸ. ಮಿಸ್ ವರ್ನೀಸ್ ಕಣ್ಣು ಮುಚ್ಚಿದ್ದಾರೆಂದರೆ ಕಿವಿ ತೆರೆದಿದ್ದಾರೆಂದೇ ಮಕ್ಕಳಿಗೆ ಗೊತ್ತು. ಹೀಗಾಗಿ ಓದುತ್ತಿದ್ದ ಹುಡುಗಿ ಪುಟ ಮುಗಿಸಿದಳು. ಪಕ್ಕದವನು ಮುಂದುವರಿಸಿದ. ಒಬ್ಬರಾದ ಮೇಲೊಬ್ಬರು ಓದುತ್ತಲೇ ಹೋದರು. ಕಥೆ ಮುಗಿದಾಗ ಮೊದಲಿನಿಂದ ಮತ್ತೆ ಓದಿದರು. ಊಟದ ಗಂಟೆ ಬಾರಿಸಿದಾಗಲೂ ಆಕೆ ಕಣ್ಣು ತೆರೆಯಲಿಲ್ಲ. ಇವರೇಕೆ ಇನ್ನೂ ಬಂದಿಲ್ಲವೆಂದು ನೋಡಲು ಬಂದ ಆರ್ಡೆಲಾಗೆ ಒಬ್ಬ ಹುಡುಗ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ್ದ.

ಶವಸಂಸ್ಕಾರದ ದಿನ ಚರ್ಚು ತುಂಬಿತ್ತು. ಚರ್ಚಿನ ಸೇವೆಯ ಬಿಳಿಯುಡುಗೆ ತೊಟ್ಟ ಹಿರಿಯ ಹೆಂಗಸರು ಆರ್ಡೆಲಾಳ ಎರಡೂ ಬದಿಗೆ ಕೂತು ಬೀಸಣಿಗೆ ಬೀಸಿದರು. ವಾರಗಟ್ಟಲೆ ಮನೆಗೆ ಕೋಳಿ, ಸೊಪ್ಪಿನ ಪಲ್ಯ, ಮೆಕ್ಕೆಜೋಳದ ರೊಟ್ಟಿ ಬರುತ್ತಲೇ ಇದ್ದವು. ಸತ್ತವರು ದೇವರ ಮಡಿಲಲ್ಲಿದ್ದಾರೆ ಎಂದು ಅವಳು ಪ್ರತಿ ಭಾನುವಾರ ಹಾಡಿದಳು, ನಂಬಿದಳು ಕೂಡ. ಆದರೂ ಸೋಮವಾರ ಆ ಬಾಗಿಲ ಮುಂದೆ ನಿಂತರೆ ಒಳಗಿನಿಂದ ವರ್ನೀಸ್ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳುತ್ತಿತ್ತು. ಮಗು ತಡವರಿಸಿದಾಗ, ಹೇಳು ಪರವಾಗಿಲ್ಲ ಎಂಬಂತೆ ಅವಳು ಮಾಡುತ್ತಿದ್ದ ಸದ್ದು. ದೇವರ ಮಡಿಲಲ್ಲಿರುವವಳು ಇಲ್ಲಿ ಯಾರ ಓದಿಗೆ ಕಾದು ಕೂತಿದ್ದಾಳೆ? ಈ ಪ್ರಶ್ನೆಯನ್ನು ಅವಳು ಪಾದ್ರಿಗಳ ಹತ್ತಿರವೂ ಕೇಳಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ಆ ತರಗತಿಗೆ ಲಮಾರ್ ಟಿಸ್ಡೇಲ್ ಎಂಬ ತರುಣ ಬಂದ. ಅಚ್ಚುಕಟ್ಟಾಗಿ ಇಸ್ತ್ರಿ ಹಾಕಿದ ಅಂಗಿ, ಮೆದು ಮಾತು. ಆರ್ಡೆಲಾ ಎಲ್ಲ ಕೋಣೆಗಳಿಗೂ ಹೋದಳು, ಅವನದಕ್ಕೆ ಹೋಗಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಪ್ರಿನ್ಸಿಪಾಲ್ ಬಂದು ಕೂರುವುದೆಂದರೆ ಏನೋ ಕೊರತೆ ಇದೆಯೆಂದೇ ಟೀಚರುಗಳ ಲೆಕ್ಕ. ಹಾಗಾದರೆ ಬಾರದಿದ್ದರೆ? ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇರೆ ಇಲ್ಲವೆಂದು ಎಲ್ಲರೂ ತೀರ್ಮಾನಿಸಿದರು. ಟೀಚರುಗಳ ಕೋಣೆಯಲ್ಲಿ ಅವನಿಗೆ "ಯುವರಾಜ" ಎಂಬ ಹೆಸರು ಬಿತ್ತು. ಅವನು ಕಾಫಿ ಬಗ್ಗಿಸಿಕೊಳ್ಳಲು ಬಂದರೆ ಯಾರಾದರೊಬ್ಬರು ಎದ್ದು ನಿಂತು ನಡು ಬಗ್ಗಿಸುತ್ತಿದ್ದರು. ಹುಡುಗನಿಗೂ ಮೊದಮೊದಲು ಅದು ಹಿತವಾಗಿಯೇ ಇತ್ತು.

ಮಾರ್ಚ್ ತಿಂಗಳ ಒಂದು ಸಂಜೆ ಅವನು ಆರ್ಡೆಲಾಳ ಕಚೇರಿಗೆ ಬಂದು, ಈಸ್ಟರ್ ರಜೆಯ ನಂತರ ತಾನು ವಾಪಸು ಬರುವುದಿಲ್ಲ ಎಂದ.

"ಯಾಕಪ್ಪಾ, ಬೇರೆ ಕಡೆ ಕೆಲಸ ಸಿಕ್ತಾ?"

"ಇಲ್ಲ ಮೇಡಂ. ನನ್ನ ಮಕ್ಕಳು ಓದಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಶಾಲೆಯಲ್ಲೇ ಅತ್ಯಂತ ಶಿಸ್ತಿನ ತರಗತಿ ಅವನದೆಂದು ಹೆಸರಿತ್ತು. ಅವನು ವಿವರಿಸಿದ. ಮಕ್ಕಳು ಪುಸ್ತಕ ತೆರೆಯುತ್ತಾರೆ, ಪುಟ ತಿರುಗಿಸುತ್ತಾರೆ, ಕೇಳಿದರೆ ತಲೆಯಾಡಿಸುತ್ತಾರೆ. ಆದರೆ ಗಟ್ಟಿಯಾಗಿ ಓದು ಎಂದರೆ ತುಟಿ ಬಿಗಿದುಕೊಳ್ಳುತ್ತಾರೆ. ಬಹುಮಾನ, ಗದರಿಕೆ ಯಾವುದೂ ನಡೆಯಲಿಲ್ಲ. ಕೊನೆಗೆ ಅವನೇ ಎಲ್ಲವನ್ನೂ ಓದಿ ಹೇಳತೊಡಗಿದ. ಯಾರಿಗೆ ಅಕ್ಷರ ಕೂಡಿಸಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದೇ ಈಗ ಅವನಿಗೆ ತಿಳಿಯದು.

"ಯಾಕೆ ಮೊದಲೇ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಯುವರಾಜನಿಗೆ ಪಾಠ ಮಾಡೋಕೆ ಬರಲ್ಲ ಅಂತ ಹೇಳಲಾ?" ಅವನು ಕೈಯಲ್ಲಿದ್ದ ಟೋಪಿ ತಿರುಗಿಸಿದ. "ನೀವು ಎಲ್ಲರ ಕೋಣೆಗೂ ಹೋಗ್ತೀರಿ, ಮಿಸ್ ಆರ್ಡೆಲಾ. ನನ್ನನ್ನ ಕೈಬಿಟ್ಟಿದ್ದೀರೋ ನಂಬಿದ್ದೀರೋ ನನಗಿನ್ನೂ ಗೊತ್ತಾಗಿಲ್ಲ."

ಅವಳು ಅವನಿಗೊಂದು ಮಾತು ಕೊಟ್ಟಳು. ಮುಂದಿನ ವಾರ ಬೇರೆ ಶಾಲೆಗಳ ಪ್ರಿನ್ಸಿಪಾಲರು ಇಲ್ಲಿಗೆ ಸುತ್ತು ಬರಲಿದ್ದರು. ಆಗ ನಿನ್ನ ಕೋಣೆಗೂ ಬರುತ್ತೇವೆ, ನಾನೂ ಬಂದು ಕೂರುತ್ತೇನೆ. ಅಲ್ಲಿಯವರೆಗೆ ರಾಜೀನಾಮೆ ಬೇಡ. ಅವನು ಒಪ್ಪಿದ.

ಸುತ್ತು ಎಂದರೆ ಅವರದೊಂದು ಕಟ್ಟುನಿಟ್ಟಿನ ರೂಢಿ. ನಾಲ್ಕಾರು ಪ್ರಿನ್ಸಿಪಾಲರು ಒಟ್ಟಿಗೆ ಒಂದು ಶಾಲೆಯ ತರಗತಿಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಆಮೇಲೆ ಬಾಗಿಲು ಹಾಕಿಕೊಂಡು, ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಹೇಳುತ್ತಾರೆ. ಚೆನ್ನಾಗಿತ್ತು, ಕೆಟ್ಟದಾಗಿತ್ತು ಎನ್ನುವ ಹಾಗಿಲ್ಲ. ಯಾರಾದರೂ ಅಂದರೆ ಉಳಿದವರು ಮೇಜು ಕುಟ್ಟುತ್ತಾರೆ. ಹೆಚ್ಚು ಮೇಜು ಕುಟ್ಟಿಸಿಕೊಳ್ಳುತ್ತಿದ್ದವಳು ಒಡೆಸಾ ಗ್ರಿಗ್ಸ್. ಉತ್ತರ ಭಾಗದ ಶಾಲೆಯೊಂದರ ಪ್ರಿನ್ಸಿಪಾಲ್, ಆರ್ಡೆಲಾಳ ಹಳೆಯ ಗೆಳತಿ, ನಾಲಿಗೆ ಬಲು ಚುರುಕು.

ಆ ದಿನ ಆರ್ಡೆಲಾ ಎಲ್ಲರ ಜೊತೆ ಕಾರಿಡಾರಿನ ತುದಿಯವರೆಗೂ ನಡೆದಳು. ಉಳಿದವರು ಒಳಗೆ ಹೋದರು. ಇವಳ ಪಾದ ಹೊಸ್ತಿಲ ಈಚೆಗೇ ನಿಂತಿತು. ಟಿಸ್ಡೇಲ್ ಓದುವುದನ್ನು ನಿಲ್ಲಿಸಿ ಅವಳತ್ತ ನೋಡಿದ. ಅದೇ ಗಳಿಗೆಗೆ ಒಳಗಿನಿಂದ, ಕಿವಿಯ ಪಕ್ಕದಲ್ಲೇ ಎಂಬಷ್ಟು ಸ್ಪಷ್ಟವಾಗಿ, ಆ ಗಂಟಲಿನ ಸದ್ದು. ಅವಳು ತಿರುಗಿ ಕಚೇರಿಗೆ ನಡೆದುಬಿಟ್ಟಳು.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತರು. ಕೊನೆಯ ಕೋಣೆಯ ಸರದಿ ಬಂದಾಗ ಒಡೆಸಾ ಎಂದಿನಂತೆ ಹಾಸ್ಯ ಮಾಡಲಿಲ್ಲ. ಮೆಲ್ಲನೆ, ರೂಢಿಗೆ ತಕ್ಕಂತೆ, ಕೇಳಿದ್ದನ್ನಷ್ಟೇ ಹೇಳಿದಳು.

"ಜನಾಯಾ ಅಂತ ಒಂದು ಹುಡುಗಿ. ನಂಗೆ ಸ್ವಲ್ಪ ಓದಿ ಹೇಳ್ತೀಯಾ ಅಂದೆ. ಆಗಲ್ಲ ಅಂದ್ಲು. ಬರಲ್ವಾ ಅಂದೆ. ಬರತ್ತೆ, ಮನೇಲಿ ತಮ್ಮನಿಗೆ ಓದಿ ಹೇಳ್ತೀನಿ ಅಂದ್ಲು. ಮತ್ತೆ ಇಲ್ಲಿ ಯಾಕೆ ಬೇಡ ಅಂತ ಕೇಳ್ದೆ." ಒಡೆಸಾ ತನ್ನ ಕೈಗಳನ್ನು ನೋಡಿಕೊಂಡಳು. "ಈ ಕೋಣೇಲಿ ಯಾರಾದ್ರೂ ಗಟ್ಟಿಯಾಗಿ ಓದಿದ್ರೆ ಕೇಳೋ ಟೀಚರ್ ಸತ್ತೋಗ್ತಾರಂತೆ. ಅವಳ ಅಣ್ಣ ಅವತ್ತು ಇಲ್ಲೇ ಇದ್ನಂತೆ, ಅವನೂ ಒಂದು ಪುಟ ಓದಿದ್ನಂತೆ. ಎಲ್ಲರಿಗೂ ಗೊತ್ತು ಅಂದ್ಲು. ಆಮೇಲೆ ಹೇಳಿದ್ಲು, ನಮಗೆ ಮಿಸ್ಟರ್ ಟಿಸ್ಡೇಲ್ ಅಂದ್ರೆ ತುಂಬ ಇಷ್ಟ."

ಹೊರಗೆ ಮಂಜುಮಳೆ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು.

ಎಲ್ಲರೂ ಹೊರಟ ಮೇಲೆ ಒಡೆಸಾ ಕೋಟು ಹಾಕಿಕೊಳ್ಳುತ್ತ ಹತ್ತಿರ ಬಂದಳು. "ಈಗ ರೂಢಿ ಮುಗೀತು. ಇನ್ನು ನಾನು ಗೆಳತಿಯಾಗಿ ಮಾತಾಡ್ತೀನಿ. ಆ ಮಕ್ಕಳಿಗೆ ದೆವ್ವದ ಭಯ ಅಂತ ನಾವು ನಗಬಹುದು. ನಿಂಗೇನಾಗಿದೆ ಮಾರಾಯ್ತಿ? ಅವರು ಬಾಯಿ ಮುಚ್ಕೊಂಡಿದ್ದಾರೆ, ನೀನು ಬಾಗಿಲು ಮುಚ್ಕೊಂಡಿದ್ದೀಯ. ದೊಡ್ಡವರೇ ಒಳಗೆ ಬರಲ್ಲ ಅಂದ್ರೆ, ಕಥೆ ನಿಜ ಅಂತ ತಾನೇ ಅವರಿಗೆ ಅನ್ಸೋದು?"

ಆರ್ಡೆಲಾ ತಂಗಿಯನ್ನು ಮಾತ್ರ ಕಳೆದುಕೊಂಡೆ ಎಂದುಕೊಂಡಿದ್ದಳು. ಅವತ್ತು ಓದುತ್ತ ಕೂತಿದ್ದ ಮಕ್ಕಳ ಕಡೆ ಅವಳ ಗಮನ ಒಮ್ಮೆಯೂ ಹೋಗಿರಲಿಲ್ಲ. ಅವರನ್ನು ಯಾರೂ ಕೂರಿಸಿಕೊಂಡು, ನಿಮ್ಮಿಂದ ಏನೂ ಆಗಲಿಲ್ಲ ಎಂದು ಹೇಳಿರಲಿಲ್ಲ. ಮಕ್ಕಳನ್ನು ನೋಡಿ, ಟೀಚರನ್ನಲ್ಲ ಎಂದು ಊರಿಗೆಲ್ಲ ಹೇಳಿಕೊಟ್ಟವಳು ಅವಳು.

ಮರುದಿನ ಬೆಳಗ್ಗೆ ಓದಿನ ಹೊತ್ತಿಗೆ ಅವಳು ಬಾಗಿಲಿಗೆ ಬಂದಳು. ಪ್ರಾರ್ಥನೆಗೆ ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ದೇವರು ಖಾಲಿ ಬಾಯಿಯನ್ನೂ ಕೇಳಿಸಿಕೊಳ್ಳುತ್ತಾನೆಂದು ಧೈರ್ಯ ತಂದುಕೊಂಡು ಒಳಗೆ ಕಾಲಿಟ್ಟಳು. ಕೋಣೆಯಲ್ಲಿ ಬಣ್ಣದ ಪೆನ್ಸಿಲುಗಳ, ಒದ್ದೆ ಕೋಟುಗಳ ವಾಸನೆ ಇತ್ತು. ಅವಳು ಜನಾಯಾಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತು, ನಿಮ್ಮ ಅಣ್ಣ ಹೇಳಿದ ಟೀಚರ್ ನನ್ನ ತಂಗಿ ಎಂದಳು. ಅವಳ ಹೃದಯದಲ್ಲಿ ಮೊದಲಿಂದಲೂ ರೋಗವಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಓದಿನಿಂದ ಯಾರೂ ಸಾಯುವುದಿಲ್ಲ.

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮತ್ತೆ ನೀವು ಯಾಕೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ?"

"ಭಯ ಆಗ್ತಿತ್ತು, ಮಗಳೇ."

"ಈಗ?"

"ಈಗಲೂ ಆಗ್ತಿದೆ."

ಜನಾಯಾ ಗೆಳತಿಯರ ಕಡೆ ತಿರುಗಿದಳು. ಅವರ ಕಣ್ಣುಗಳಲ್ಲಿ ಏನು ನಡೆಯಿತೋ ತಿಳಿಯದು. "ಮಿಸ್ಟರ್ ಟಿಸ್ಡೇಲ್ ಹೊರಗೆ ಹೋಗ್ಲಿ," ಎಂದಳು. ಅವನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹುಡುಗಿ ಪುಸ್ತಕ ತೆರೆದಳು. ಮೊದಲ ಸಾಲಿನಲ್ಲೇ ತಡವರಿಸಿದಳು. ಕೋಣೆಯ ಎಲ್ಲ ಮಕ್ಕಳೂ ಪುಸ್ತಕ ಬಿಟ್ಟು ಆರ್ಡೆಲಾಳ ಎದೆಯನ್ನೇ ನೋಡುತ್ತಿದ್ದರು, ಅದು ಏರಿಳಿಯುತ್ತಿದೆಯೋ ಇಲ್ಲವೋ ಎಂದು. ಹಿಂದೆ ಎಲ್ಲೋ, ಕೋಟು ನೇತುಹಾಕುವ ಕಡೆಯಿಂದ, ಮೆಲ್ಲಗೆ ಆ ಸದ್ದು ಬಂತು. ಅವಳು ತಿರುಗಿ ನೋಡಲಿಲ್ಲ. ಮಗುವಿನ ಬೆರಳು ನಿಂತಿದ್ದ ಪದವನ್ನು ನೋಡಿದಳು. ಜನಾಯಾ ಅದನ್ನು ಒಡೆದು, ಕೂಡಿಸಿ, ಕೊನೆಗೂ ಹೇಳಿದಳು. ಒಂದು ಪುಟ ಮುಗಿಯಿತು.

ಊಟದ ಬಿಡುವಿನಲ್ಲಿ ಅವಳು ಟಿಸ್ಡೇಲ್ ಜೊತೆ ಕೂತು, ಆ ಹುಡುಗಿಗೆ ಯಾವ ಅಕ್ಷರಗಳ ಜೋಡಿ ಕಷ್ಟವೆಂದು ಹೇಳಿದಳು. ತಾನು ಬಾರದಿದ್ದದ್ದು ಅವನ ತಪ್ಪಿನಿಂದಲೂ ಅಲ್ಲ, ಅವನ ಹಿರಿಮೆಯಿಂದಲೂ ಅಲ್ಲವೆಂದೂ ಹೇಳಿದಳು. ಅವನು ರಾಜೀನಾಮೆಯ ಮಾತು ಎತ್ತಲಿಲ್ಲ. ಹಿಂತೆಗೆದುಕೊಂಡೆ ಎಂದೂ ಹೇಳಲಿಲ್ಲ. ನಾಳೆ ಬರುತ್ತೀರಾ ಎಂದು ಮಾತ್ರ ಕೇಳಿದ.

ಮರುದಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಆರ್ಡೆಲಾ ಕಾರು ನಿಲ್ಲಿಸುವಾಗ ಶಾಲೆಯ ಬೇಲಿಯುದ್ದಕ್ಕೂ ಎರಡನೆಯ ತರಗತಿಯ ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಯಾರೂ ಆಡುತ್ತಿರಲಿಲ್ಲ. ಕಾರಿನ ಬಾಗಿಲು ತೆರೆದದ್ದನ್ನು, ಒಂದು ಕಾಲು ನೆಲಕ್ಕೆ ಬಂದದ್ದನ್ನು, ಆಮೇಲೆ ಇನ್ನೊಂದು ಬಂದದ್ದನ್ನು ಅವರು ಉಸಿರು ಬಿಗಿಹಿಡಿದು ನೋಡಿದರು. ಅವಳು ಎದ್ದು ನಿಂತು ಕೈಯೆತ್ತಿದಳು. ಬೇಲಿಯ ಆ ಬದಿಯಿಂದ ಎಷ್ಟೋ ಬಾಯಿಗಳು ಒಟ್ಟಿಗೇ ಬಿಟ್ಟ ಉಸಿರು ಬೆಳ್ಳಗೆ ಮೇಲೇರಿತು. ಸಾಲಿನ ಕೊನೆಯಲ್ಲಿದ್ದ ಹುಡುಗನೊಬ್ಬ ಜನಾಯಾಳನ್ನು ಮೊಣಕೈಯಿಂದ ತಿವಿದು, "ಇವತ್ತು ನಾನು ಓದ್ತೀನಿ," ಎಂದ.