ಕಪ್ಪು ಟಿಪ್ಪಿನ ಸವೆದ ಮೂಲೆ

ಮರ್ವ್ ಪೆಂಬರ್ಟನ್ ಮೆಕಾಯ್ ಊರಿನ ನಮ್ಮ ವರ್ಕ್‌ಶಾಪಿನ ದೊಡ್ಡ ಲೇತಿನ ಮುಂದೆ ಮೂವತ್ತೊಂದು ವರ್ಷ ನಿಂತವನು. ಗಣಿ ಯಂತ್ರಗಳ ಶಾಫ್ಟುಗಳು ಅವನ ಕೈಯಲ್ಲೇ ನುಣುಪಾಗಬೇಕು. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವನದು, ಲೇತ್ ಒಂದೇ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಅದೊಂದೇ ಉಳಿದಿದ್ದದ್ದು.

ಲೇತಿನಲ್ಲಿ ತಿರುಗುವ ಉಕ್ಕನ್ನು ಕೆತ್ತುವ ಪುಟ್ಟ ಟಿಪ್ಪಿಗೆ ಮೂರು ಮೂಲೆ. ಒಂದು ಸವೆದರೆ ತಿರುಗಿಸಿ ಇನ್ನೊಂದು. ಮೊದಲೆಲ್ಲ ಹೊಂಬಣ್ಣದ ಲೇಪದವು ಬರುತ್ತಿದ್ದವು. ಸವೆದ ಕಡೆ ಬಣ್ಣ ಹೋಗಿ ಬೂದು ಕಾಣುತ್ತಿತ್ತು. ಈಗ ಕಪ್ಪು ಲೇಪದವು. ಕಾವು ತಡೆಯುತ್ತವೆ, ಎರಡು ಪಟ್ಟು ಬಾಳುತ್ತವೆ, ಒಪ್ಪಿದೆ. ಆದರೆ ಸವೆದದ್ದು ತಿಳಿಯಲು ಹತ್ತಿರ ಹಿಡಿದು ಕಣ್ಣಿಟ್ಟು ನೋಡಬೇಕು. ಅದಕ್ಕೇ ಪಾಳಿ ಮುಗಿಸಿದವನು ಸವೆದ ಮೂಲೆಗೆ ನೀಲಿ ಚುಕ್ಕೆ ಇಟ್ಟೇ ಹೋಗಬೇಕೆಂಬುದು ನಮ್ಮಲ್ಲಿ ಕಟ್ಟಳೆ.

ಒಂದು ದಿನ ಮರ್ವ್ ಟಿಪ್ಪನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದ.

"ಕನ್ನಡಕ ಹಾಕ್ಕೊಳ್ಳೋ ಮಾರಾಯ," ಅಂದೆ.

"ಕನ್ನಡಕಕ್ಕೆ ಸರಿಹೋಗೋ ಕಣ್ಣಲ್ಲ ಇದು, ಡಾಕ್ಟ್ರು ಹೇಳಿಯಾಯ್ತು. ನೀನು ಬಾಯಿ ಮುಚ್ಕೊಂಡಿರು. ಗೊತ್ತಾದ್ರೆ ಲೇತ್ ಮುಟ್ಟೋಕೆ ಬಿಡಲ್ಲ."

ಮುಚ್ಚಿಕೊಂಡೆ. ಚುಕ್ಕೆಯನ್ನು ಇನ್ನಷ್ಟು ದಪ್ಪಗೆ ಇಡತೊಡಗಿದೆ. ಕಪ್ಪಿನ ಮೇಲೆ ನೀಲಿ, ಅವನಿಗೆಲ್ಲಿ ಕಂಡೀತು! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಗುರುವಾರ ಬೆಳಿಗ್ಗೆ ಬಂದರೆ ಲೇತಿನ ಮೇಲೆ ಕೆಟ್ಟುಹೋದ ಶಾಫ್ಟ್, ಮೈಯೆಲ್ಲ ಇಲಿ ಕಡಿದ ಹಾಗೆ. ಫೋರ್‌ಮನ್ ಟ್ರೆಂಟ್ ಮರ್ವನನ್ನು ಮನೆಯಿಂದ ಕರೆಸಿ ನಿಲ್ಲಿಸಿಕೊಂಡಿದ್ದ.

"ಸವೆದ ಮೂಲೇಲಿ ಕೊನೇ ಕಟ್ ಹೊಡೆದಿದೀಯ. ಇವನೇನು ಚುಕ್ಕೆ ಇಡದೇ ಹೋದ್ನಾ?" ಎಂದು ನನ್ನತ್ತ ಕೈ ಮಾಡಿದ.

ಮರ್ವ್ ನೆಲ ನೋಡುತ್ತಿದ್ದ.

"ಹೌದು, ಮರೆತೆ," ಅಂದೆ.

"ಇನ್ನೊಂದ್ಸಲ ಮರೆತ್ರೆ ನೀನು ಮನೇಲೇ ಇರು," ಅಂದ ಟ್ರೆಂಟ್.

"ಸುಳ್ಳು ಬೊಗಳ್ತಾನೆ," ಎಂದ ಮರ್ವ್, ತಲೆಯೆತ್ತದೆ. "ಇವನು ಒಂದು ದಿನಾನೂ ಮರೆತವನಲ್ಲ. ಇಟ್ಟೇ ಇರ್ತಾನೆ. ನಂಗೇ ಕಾಣ್ಲಿಲ್ಲ."

"ಯಾವತ್ತಿಂದ?"

"ಚಳಿಗಾಲದಿಂದ."

ಟ್ರೆಂಟ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮರ್ವನಿಗೆ ಆಫೀಸಿಗೆ ಬಾ ಎಂದಷ್ಟೇ ಹೇಳಿ ಹೋದ. ನಿಜ ಹೇಳಿಬಿಟ್ಟದ್ದಕ್ಕೆ ನಾನು ಮರ್ವನಿಗೆ ಬಾಯಿಗೆ ಬಂದಂತೆ ಬೈದೆ.

"ಸುಮ್ನಿರೋ, ಸಾಕಾಗಿದೆ," ಎಂದು ಅವನು ಶಾಫ್ಟನ್ನು ಹಿಡಿದಿಡುವ ಚಕ್ ಬಿಗಿಯುವ ಕೀಲಿಯನ್ನು ತಡಕಿ ತೆಗೆದು ನನ್ನ ಕೈಗಿಟ್ಟ. "ನನ್ನ ಬದಲು ಮಧ್ಯಾಹ್ನಕ್ಕೆ ಬರೋವ್ನಿಗೆ ಹೇಳು, ಚಕ್ಕಿನ ಮೂರನೇ ಹಲ್ಲು ಸ್ವಲ್ಪ ಸಡಿಲ. ಕೈಗೆ ಗೊತ್ತಾಗುತ್ತೆ."