ಕರೆಯದೆ ಬಂದ ಆಳು

ಮಧ್ಯಾಹ್ನದ ಹೊತ್ತಿಗೆ ನಮ್ಮ ಜೀವಶಾಸ್ತ್ರದ ಮೇಡಂ ಅವರ ಬಲ ಹುಬ್ಬು ಪೂರ್ತಿ ಬೆಳ್ಳಗಾಗಿರುತ್ತಿತ್ತು. ಸೀಮೆಸುಣ್ಣ ಹಿಡಿದ ಕೈಯಲ್ಲೇ ಬೆವರು ಒರೆಸಿಕೊಳ್ಳುವುದು ಅವರ ಪದ್ಧತಿ. ಕಾಲೇಜಿನಲ್ಲಿ ನನ್ನನ್ನು ಎರಡು ಪರೀಕ್ಷೆಗಳಲ್ಲಿ ಫೇಲು ಮಾಡಿದ ಗೌರವವೂ ಅವರಿಗೇ ಸಲ್ಲಬೇಕು. ಒಂದೆಡೆ ಕೂತವರಲ್ಲ. ನಿವೃತ್ತರಾದ ಮೇಲೆ ಕೊಡ್ಲಿಪೇಟೆ ಕಡೆಯ ನಮ್ಮ ತೋಟದ ದಾರಿಯಲ್ಲಿ ದಿನವೂ ವಾಕಿಂಗ್ ಬರುತ್ತಿದ್ದರು. ಕಾಫಿ ಕೊಟ್ಟರೆ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಕುಡಿಯುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ಕಾಫಿ ಕುಯ್ಲು ಜೋರಾಗಿದ್ದಾಗ, ನನ್ನ ಹೆಂಡತಿಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕುಯ್ಲಿನ ಕಾಲದಲ್ಲಿ ನಮ್ಮಲ್ಲಿ ಮದುವೆ ಮಾತುಕತೆ, ಹಲ್ಲುನೋವು, ಕೋರ್ಟು ಎಲ್ಲವೂ ಮುಂದಕ್ಕೆ ಹೋಗುತ್ತವೆ. ಗಂಟೂ ಮುಂದಕ್ಕೆ ಹೋಗಲಿ ಎಂದು ದಂಪತಿಗಳಿಬ್ಬರೂ ಗಂಭೀರವಾಗಿ ನಿರ್ಣಯಿಸಿದೆವು. ಆದರೆ ಅವಳು ಮೇಡಂ ಬಳಿ ಬಾಯಿಬಿಟ್ಟಳು. ಮೇಡಂ ನನ್ನತ್ತ ತಿರುಗಿದರು.

"ಬೆಳಿಗ್ಗೆ ನಿನ್ನ ತೋಟದ ರೈಟರು ಆಳುಗಳ ಹಾಜರಿ ಪುಸ್ತಕ ಹಿಡ್ಕೊಂಡು ಹೆಸರು ಕೂಗ್ತಾನಲ್ಲ, ಪುಸ್ತಕದಲ್ಲಿರೋರೆಲ್ಲ ಕೆಲಸಕ್ಕೆ ಇಳೀತಾರಾ?"

"ಇಲ್ಲ ಮೇಡಂ, ಕೂಗಿದೋರು ಮಾತ್ರ."

"ಜೀನುಗಳೂ ಹಂಗೇ ಕಣಯ್ಯ. ಒಂದೊಂದು ಜೀವಕೋಶದಲ್ಲೂ ಪೂರ್ತಿ ಪುಸ್ತಕ ಇರುತ್ತೆ, ಕೂಗಿದ ಜೀನು ಮಾತ್ರ ಕೆಲಸ ಮಾಡುತ್ತೆ. ಕೋಶ ಬೆಳೆಸೋ ಜೀನು ಒಂದು ಕೆಟ್ಟರೆ, ಕೂಗದೆ ಇದ್ರೂ ಬರುತ್ತೆ, ಸಂಜೆಯಾದ್ರೂ ಕೆಲಸ ಬಿಡಲ್ಲ."

"ಅಂಥ ಆಳು ನಮಗೊಬ್ಬ ಸಿಗಬಾರದಿತ್ತಾ" ಎಂದೆ.

"ಸಿಕ್ಕಿರಬಹುದು. ನಿನ್ನ ಹೆಂಡತಿಗೆ."

ಮರುದಿನ ಮೂವರೂ ಜೀಪಿನಲ್ಲಿ ಹಾಸನದ ದಾರಿ ಹಿಡಿದಿದ್ದೆವು. ಗಂಟಿನ ಚೂರು ತೆಗೆದು ನೋಡಿದರು: ಕ್ಯಾನ್ಸರ್. ಯಾವ ಜೀನು ಮಿತಿಮೀರಿ ದುಡಿಯುತ್ತಿದೆ ಎಂದು ಇನ್ನೊಂದು ಪರೀಕ್ಷೆ ಹೇಳಬೇಕು, ಔಷಧಿ ಆಮೇಲೆ. ಆ ವರದಿಗೆ ಹತ್ತು ದಿನ. ಹತ್ತು ದಿನವೂ ನಾನು ಜಗಲಿಯ ಈ ತುದಿಯಿಂದ, ಮೇಡಂ ಆ ತುದಿಯಿಂದ ನಡೆದೆವು. ನಡುವೆ ಎರಡು ಸಲ ಡಿಕ್ಕಿಯೂ ಆಯಿತು.

"ಇಬ್ರೂ ಕೂತ್ಕೊಳ್ಳಿ" ಎಂದಳು ಹೆಂಡತಿ, "ಕಾಯಿಲೆ ನಂದು."

"ಕೂತ್ರೆ ನಂಗೆ ಯೋಚನೆ ಬರುತ್ತೆ ಕಣಮ್ಮ" ಎಂದರು ಮೇಡಂ.

ವರದಿ ಬಂದಾಗ ಮೇಡಂ ಅದನ್ನು ಉತ್ತರಪತ್ರಿಕೆಯಂತೆ ಎರಡು ಸಲ ಓದಿದರು. "ಈ ಜೀನಿಗೆ ಮೂಗುದಾರ ಇದೆ. ತಡ ಮಾಡದೆ ಹಾಕಿಸ್ಬೇಕು." ಆಪರೇಷನ್ ಆಯಿತು, ವರ್ಷವಿಡೀ ಔಷಧಿ ಏರಿಸಿದರು. ಆ ಸಲದ ಹಣ್ಣು ಅರ್ಧಕ್ಕರ್ಧ ಗಿಡದ ಬುಡಕ್ಕೆ ಉದುರಿತು. ಹೆಂಡತಿ ಉಳಿದಳು.

ಕಳೆದ ವರ್ಷ ಮೇಡಂ ನಿದ್ದೆಯಲ್ಲೇ ತೀರಿಕೊಂಡರು. ಮೈ ತೊಳೆಯಲು ಹೋದ ಹೆಂಗಸರ ಜೊತೆ ನನ್ನ ಹೆಂಡತಿಯೂ ಒಳಗೆ ಹೋದಳು. ಹೊರಗೆ ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಮೇಡಂಗೂ ಎಡಗಡೆ ಎದೆ ತೆಗೆದಿದ್ದಾರೆ ಕಣ್ರೀ. ಗಾಯದ ಕಲೆ ತುಂಬ ಹಳೇದು. ಅಷ್ಟು ದಿನ ನನ್ನ ಜೊತೆ ಆಸ್ಪತ್ರೆಗೆ ಓಡಾಡಿದ್ರು, ಒಂದು ಮಾತು ಹೇಳಲಿಲ್ಲ. ಒಳಗಿದ್ದೋರಿಗೆಲ್ಲ ಹೇಳಿದ್ದೀನಿ, ಯಾರೂ ಆಡ್ಕೋಬೇಡಿ ಅಂತ."

ಇದನ್ನು ಬರೆದು ಮೊದಲು ಅವಳ ಕೈಗೇ ಕೊಟ್ಟೆ. ನಿಧಾನವಾಗಿ ಓದಿ, ಮೇಡಂ ಅವರ ಹೆಸರಿದ್ದ ಕಡೆಯಲ್ಲೆಲ್ಲ ಗೀಟು ಎಳೆದು ಹೊಡೆದುಹಾಕಿ, ಬರೀ 'ಮೇಡಂ' ಎಂದು ಉಳಿಸಿ, ವಾಪಸು ಕೊಟ್ಟಳು.