ಎರಡು ಗಂಡುನಾಯಿಗಳ ಮನೆಯಲ್ಲಿ ‘ಬಿಡ್ರಿ’

ಸಪ್ತಾಪುರದ ಅಕ್ಕನ ಮನೆಯಲ್ಲಿ ಎರಡು ಗಂಡುನಾಯಿಗಳಿವೆ. ಹಳೆಯದು ಮೊದಲಿನಿಂದ ಇದ್ದದ್ದು, ಕರಿಯದನ್ನು ಅಕ್ಕ ಮರಿಯಿದ್ದಾಗ ರಸ್ತೆಯಿಂದ ಎತ್ತಿ ತಂದಳು. ಕರಿಯದು ಬೆಳೆದು ಕಂಡ ಗೋಡೆಗೆಲ್ಲ ಕಾಲೆತ್ತತೊಡಗಿದ ಮೇಲೆ ಎರಡಕ್ಕೂ ಆಗಿಬರಲಿಲ್ಲ. ಆದರೂ ಯಾವುದನ್ನೂ ಬಿಟ್ಟುಕೊಡುವುದಿಲ್ಲವೆಂದು ಅಕ್ಕ ಹಟ ಹಿಡಿದಿದ್ದಳು.

ಆ ಮುಂಜಾನೆ ನಾನು ಅಂಗಳದ ಮೆಟ್ಟಿಲ ಮೇಲೆ ಕೂತಿದ್ದೆ. ಅಕ್ಕ ಕರಿಯದಕ್ಕೆ ರೊಟ್ಟಿ ಹಾಕುತ್ತಿದ್ದಳು. ಹಳೆಯದನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದೆವು. ಅಕ್ಕನ ಗಂಡ, ನಮ್ಮ ಮಾಮಾ, ಒಳಗಿನಿಂದ ಕೂಗಿದರು.

“ಒಂದೇ ಸವನ ಬಾಗಲಾ ಕೆರಿಯಾಕತ್ತೈತಿ ನೋಡು ನಿನ್ನ ಮಗಾ. ಏನ್ ಮಾಡ್ಲಿ?”

“ಬಿಡ್ರಿ!”

ಇರಲಿ ಬಿಡಿ ಎಂದು ಅಕ್ಕನ ಅರ್ಥ. ಮಾಮಾ ಬಾಗಿಲು ತೆಗೆದರು.

ಹಳೆಯದು ಬೊಗಳುತ್ತ ಬರಲಿಲ್ಲ. ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಆ ಸದ್ದಿಲ್ಲದ ಓಟವೇ. ನೇರ ಹೋಗಿ ಕರಿಯದರ ಕುತ್ತಿಗೆಗೆ ಬಾಯಿ ಹಾಕಿತು. ಅಕ್ಕ ನಡುವೆ ಕೈ ಹಾಕಿದಳು.

“ಕೈ ತಗೀ ಅಕ್ಕಾ!”

ಗೇಟಿನ ಹೊರಗೆ ಯಾರೋ “ಬಡೀರಿ, ಬಡೀರಿ” ಎನ್ನುತ್ತಿದ್ದರು. ಬಡಿದರೆ ಹಲ್ಲು ಇನ್ನೂ ಬಿಗಿಯಾಗುತ್ತದೆ. ಕಂಪೌಂಡಿನ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿ ಎಳೆದು ಎರಡರ ಮೇಲೂ ಒಗೆದೆ. ಕತ್ತಲಾದೊಡನೆ ಬಾಯಿ ಸಡಿಲಾಯಿತು. ಮಾಮಾ ಒಂದರ, ನಾನೊಂದರ ಹಿಂಗಾಲು ಹಿಡಿದು ಹಿಂದಕ್ಕೆ ಜಗ್ಗಿ ಬೇರೆ ಮಾಡಿದೆವು.

ಅಕ್ಕನ ಮುಂಗೈಗೆ ಹೊಲಿಗೆ ಬಿತ್ತು. ದವಾಖಾನೆಯಿಂದ ಬಂದ ಮೇಲೆ ಮಾಮಾ ಮಾತು ತೆಗೆದರು.

“ಒಂದನ್ನ ನಮ್ಮೂರಿಗೆ, ಮುಗದಕ್ಕ ಕಳಸೋಣು. ತಮ್ಮನ ಹೊಲಾ ಕಾಯ್ಲಿ.”

“ಮದ್ಲ ನಿಮ್ಮನ್ನ ಕಳಸ್ತೇನಿ. ಬಾಗಲಾ ತಗದಾವ್ರು ನೀವ.”

“ನೀನ ಬಿಡ್ರಿ ಅಂದಿ!”

“ಬಿಡ್ರಿ ಅಂದ್ರ ನಾಯಿ ಬಿಡ್ರಿ ಅಂತೇನು?”

ನಾನು ನಕ್ಕೆ. ಒಂದು ತಿಂಗಳು ನೋಡೋಣ, ಮತ್ತೆ ಕಚ್ಚಾಡಿದರೆ ಒಂದು ಮುಗದಕ್ಕೆ ಎಂದು ಕೊನೆಗೆ ಒಪ್ಪಂದವಾಯಿತು.

ಅವುಗಳಿಗೆ ಗೆಳೆತನ ಕಲಿಸುವ ಆಸೆ ನಾವು ಬಿಟ್ಟೆವು. ಒಂದು ಒಳಗಿದ್ದರೆ ಇನ್ನೊಂದು ಹೊರಗೆ, ನಡುವೆ ಎರಡು ಬಾಗಿಲು. ಊಟ ಬೇರೆ ಬೇರೆ. ಇನ್ನೊಂದರ ಕಡೆಯಿಂದ “ಕಟ್ಟೇನಿ” ಎಂಬ ಉತ್ತರ ಕೇಳದೆ ಯಾರೂ ಚಿಲಕ ಮುಟ್ಟುವುದಿಲ್ಲ. ದನದ ಡಾಕ್ಟರು ಎರಡಕ್ಕೂ ಬೀಜ ತೆಗೆಯುವ ಆಪರೇಷನ್ ಮಾಡಿದರು. ಅದೊಂದನ್ನೇ ನಂಬಿ ಕೂಡಬೇಡಿ ಎಂದೂ ಹೇಳಿದರು. ಸಂಜೆ ರಸ್ತೆಯ ಆ ಬದಿಗೆ ಮಾಮಾ ಹಳೆಯದನ್ನು, ಈ ಬದಿಗೆ ನಾನು ಕರಿಯದನ್ನು ಹಿಡಿದು ಒಂದೇ ದಿಕ್ಕಿಗೆ ನಡೆಯುತ್ತೇವೆ.

ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ, ನಿಂತ ಟ್ರಾಕ್ಟರನ್ನು ಸುತ್ತಿ ಬರುವಾಗ ಎರಡೂ ಎದುರುಬದುರಾದವು. ಕರಿಯದು ಮೈ ಸೆಟೆಸಿತು, ಬಾಲ ನೆಟ್ಟಗಾಯಿತು. ನಾನು ಹಗ್ಗ ಜಗ್ಗಲಿಲ್ಲ, ಕೂಗಲಿಲ್ಲ. ಅದರ ನೋಟಕ್ಕೆ ಅಡ್ಡ ನಿಂತು, ಮೆಲ್ಲಗೆ ಕರೆದು, ಬಂದ ದಾರಿಗೆ ತಿರುಗಿದೆ. ಅದೂ ತಿರುಗಿತು.

ಮನೆಗೆ ಬಂದು ಮಾಮಾ ಅಕ್ಕನಿಗೆ ಇಷ್ಟೇ ಹೇಳಿದರು: “ಇರ್ಲಿ, ಎರಡೂ ಇಲ್ಲೇ ಇರ್ಲಿ.”